ನಾಮ ಹಾಕಿಸಿಕೊಂಡ ರಸ್ತೆಗಳು

ಮಗು ಹುಟ್ಟಿ, ಹನ್ನೊಂದು ದಿನ ಕಳೆದು, ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಎಂಬ ಕೂಸಿನ ವಿಷಯದಲ್ಲಿ ಮಾತ್ರ ಶಾಸ್ತ್ರ ತಲೆಕೆಳಗಾಯಿತು. ತುಮಕೂರು ರಸ್ತೆಯಲ್ಲಿ ಶುರುವಾಗಿ, ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರಬೇಕಾದ ಈ ಸುಮಾರು 73 ಕಿಲೋಮೀಟರ್ ರಸ್ತೆಗೆ ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಟಿದ್ದು 2007ರಲ್ಲಿ. ಅಲ್ಲಿಂದಾಚೆ ಸರ್ಕಾರಗಳು ಬಂದವು, ಹೋದವು. ಅಂದಾಜು ವೆಚ್ಚ ಏರುತ್ತಲೇ ಹೋಯಿತು. ನಕ್ಷೆಯ ಗೆರೆಯೊಳಗೆ ಸಿಕ್ಕಿಕೊಂಡ ರೈತ ಜಮೀನು ಮಾರಲಾರದೆ, ಮನೆ ಕಟ್ಟಲಾರದೆ, ಪರಿಹಾರದ ದುಡ್ಡಿನ ಮುಖವನ್ನೂ ನೋಡದೆ ಮುದುಕನಾದ. ರಸ್ತೆ ಮಾತ್ರ ಬರಲಿಲ್ಲ. ದೋಷ ಇರುವುದು ಹೆಸರಿನಲ್ಲೇ ಎಂದು ಕೊನೆಗೆ ಯಾರಿಗೋ ಹೊಳೆದಿರಬೇಕು. ಅದನ್ನು 'ಬೆಂಗಳೂರು ಬಿಸಿನೆಸ್ ಕಾರಿಡಾರ್' ಎಂದು ಬದಲಾಯಿಸಿದರು. ಒಂದು ಎತ್ತಿನಗಾಡಿಯೂ ಓಡಾಡದ ರಸ್ತೆ ಹೀಗೆ ಎರಡನೇ ಹೆಸರು ಪಡೆಯಿತು. ಹುಟ್ಟುವ ಹೊತ್ತಿಗೆ ಮೂರನೆಯದು ಬಂದರೂ ಆಶ್ಚರ್ಯವಿಲ್ಲ. ಅಂದಹಾಗೆ, ಅದು ರಿಂಗ್ ಕೂಡ ಅಲ್ಲ, ಅರ್ಧ ರಿಂಗು. ಉಳಿದರ್ಧವನ್ನು ನೈಸ್ ರಸ್ತೆ ತುಂಬಿಕೊಡುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಹಾರ ನಿಂತಿದೆ.

ಈ ಊರಲ್ಲಿ ರಸ್ತೆಗೂ ಅದರ ಹೆಸರಿಗೂ ಯಾವ ಋಣಾನುಬಂಧವೂ ಇಲ್ಲ ಎಂದು ಒಪ್ಪಿಕೊಂಡುಬಿಟ್ಟರೆ ಓಡಾಟ ಸುಲಭ. ಮೊದಲು ಹೀಗಿರಲಿಲ್ಲ. ಪೇಟೆ ಬೀದಿಗಳ ಹೆಸರು ನೋಡಿ: ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಒಳಗೆ ಏನು ಸಿಗುತ್ತದೆ, ಯಾರು ಸಿಗುತ್ತಾರೆ ಎನ್ನುವುದನ್ನು ಹೆಸರೇ ಹೇಳುತ್ತಿತ್ತು. ಜಾತಿಯನ್ನೂ ಹೇಳುತ್ತಿತ್ತು, ಆ ಮಾತು ಬೇರೆ. ಊರ ಹೊರಗೆ ಹೋಗುವ ರಸ್ತೆಗಳೂ ಅಷ್ಟೇ ಪ್ರಾಮಾಣಿಕ. ಮಾಗಡಿ ರಸ್ತೆ ಹಿಡಿದರೆ ಮಾಗಡಿ, ಕನಕಪುರ ರಸ್ತೆ ಹಿಡಿದರೆ ಕನಕಪುರ. ಎಷ್ಟು ಹೊತ್ತಿಗೆ ಎಂದು ಕೇಳಬಾರದು, ಅಷ್ಟೇ. ಹಳೇ ಮದ್ರಾಸ್ ರಸ್ತೆಯದು ಮಾತ್ರ ಸ್ವಲ್ಪ ಕರುಣಾಜನಕ ಕಥೆ. 1996ರಲ್ಲಿ ಮದ್ರಾಸು ಚೆನ್ನೈ ಆಯಿತು. ರಸ್ತೆಗೆ ಯಾರೂ ತಿಳಿಸಲಿಲ್ಲ. ಈಗಲೂ ಅದು ಇಲ್ಲದ ಊರಿನ ಕಡೆಗೆ ದಿನವೂ ಲಾರಿಗಳನ್ನು ಕಳಿಸುತ್ತಲೇ ಇದೆ.

ಪ್ರಾಮಾಣಿಕತೆ ಕೆಟ್ಟಿದ್ದು ನಾವು ಒಂದೊಂದೇ ವಸ್ತುವನ್ನು ಕೊಂದು ಅದರ ಹೆಸರನ್ನು ಮಾತ್ರ ಉಳಿಸಿಕೊಳ್ಳುವುದನ್ನು ಕಲಿತ ಮೇಲೆ. ಮೆಜೆಸ್ಟಿಕ್ ಹತ್ತಿರ ಟ್ಯಾಂಕ್ ಬಂಡ್ ರೋಡ್ ಇದೆ. ಬಂಡ್ ಅಂದರೆ ಕೆರೆ ಏರಿ. ಯಾವ ಕೆರೆಯ ಏರಿ ಎಂದು ಕೇಳಿದರೆ, ನೀವು ಈಗ ತಾನೇ ಬಸ್ಸಿಳಿದ ಜಾಗದ್ದು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿದೆವು, ಏರಿಯನ್ನು ವಿಳಾಸ ಮಾಡಿದೆವು. ಆ ನಿಲ್ದಾಣಕ್ಕೆ ಸರ್ಕಾರ ಕೆಂಪೇಗೌಡರ ಹೆಸರಿಟ್ಟರೆ ಜನ ಮೆಜೆಸ್ಟಿಕ್ ಎಂದರು, ಒಂದು ಸಿನಿಮಾ ಟಾಕೀಸಿನ ಹೆಸರಿನಿಂದ. ಆ ಟಾಕೀಸೂ ನೆಲಸಮವಾಯಿತು. ಈಗ ಇಲ್ಲದ ಕೆರೆಯ ಏರಿಯಲ್ಲಿ ನಡೆದು, ಇಲ್ಲದ ಟಾಕೀಸಿನ ಬಳಿ ನೀವು ಬಸ್ ಹತ್ತುತ್ತೀರಿ. ಬಸ್ ಮಾತ್ರ ಇರುತ್ತದೆ, ಬಂದರೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು; ಪಕ್ಕದ ಬಡಾವಣೆ ಇನ್ನೂ ಸಂಪಂಗಿರಾಮನಗರ. ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಮಿಲ್ಲರೂ ಇಲ್ಲ, ಟ್ಯಾಂಕೂ ಇಲ್ಲ. ಮಳೆ ಜೋರಾಗಿ ಹಿಡಿದ ದಿನ ಮಾತ್ರ ಇಂಥ ರಸ್ತೆಗಳೆಲ್ಲ ತಮ್ಮ ಹೆಸರನ್ನು ಸಮರ್ಥಿಸಿಕೊಳ್ಳಲು ಒಂದು ಪ್ರಯತ್ನ ಮಾಡುತ್ತವೆ.

ಇದರಲ್ಲಿ ಚಾಂಪಿಯನ್ ಮ್ಯೂಸಿಯಂ ರಸ್ತೆ. ಬೆಂಗಳೂರಿನ ಮ್ಯೂಸಿಯಂ 1865ರಲ್ಲಿ ಶುರುವಾಗಿದ್ದು ಅಲ್ಲೇ. 1877ರಲ್ಲಿ ಅದು ಕಬ್ಬನ್ ಪಾರ್ಕಿನ ಅಂಚಿನ ಹೊಸ ಕಟ್ಟಡಕ್ಕೆ, ಅಂದರೆ ಈಗಿನ ಕಸ್ತೂರ್ಬಾ ರಸ್ತೆಗೆ ಹೋಯಿತು. ಹನ್ನೆರಡು ವರ್ಷ ಬಾಡಿಗೆಗಿದ್ದವರ ಹೆಸರನ್ನು ಒಂದೂವರೆ ಶತಮಾನ ಬಾಗಿಲ ಮೇಲೆ ಇಟ್ಟುಕೊಂಡ ಮನೆ ಮಾಲೀಕ ಬೇರೆಲ್ಲೂ ಸಿಗಲಾರ. ಅವೆನ್ಯೂ ರಸ್ತೆಯ ಕಥೆಯೂ ಹೀಗೆಯೇ. ದೊಡ್ಡಪೇಟೆ ಎಂಬ ಅಂದದ, ದೊಡ್ಡ ಹೆಸರನ್ನು ತೆಗೆದು, ಸಾಲುಮರದ ದಾರಿ ಎಂಬರ್ಥದ ಹೆಸರಿಟ್ಟರು. ಅಲ್ಲಿ ಈಗ ಸಾಲಾಗಿ ನಿಂತಿರುವುದು ಪಠ್ಯಪುಸ್ತಕದ ಅಂಗಡಿಗಳು ಮತ್ತು ಮೂಟೆ ಇಳಿಸುವ ಗಾಡಿಗಳು. ಮಾಗಡಿ ರಸ್ತೆಯ ಟೋಲ್‌ಗೇಟ್‌ನಲ್ಲಿ ಟೋಲೂ ಇಲ್ಲ, ಗೇಟೂ ಇಲ್ಲ. ಟೋಲ್ ಇರುವ ಜಾಗಗಳಿಗೆ ಗೇಟ್ ಎಂದು ಹೆಸರಿಲ್ಲ, 'ಪ್ಲಾಜಾ' ಎನ್ನುತ್ತಾರೆ, ಕೊಡುವ ಕೈಗೆ ನೋವಾಗದಿರಲಿ ಎಂದು. ತುಮಕೂರು ರಸ್ತೆಯಲ್ಲಿ 'ಎಂಟನೇ ಮೈಲಿ' ಎಂಬ ನಿಲ್ದಾಣವಿದೆ. ದೇಶ ಮೈಲಿ ಬಿಟ್ಟು ಕಿಲೋಮೀಟರಿಗೆ ಬಂದು ಅರವತ್ತು ವರ್ಷದ ಮೇಲಾಯಿತು. ಕಂಡಕ್ಟರ್ ಮಾತ್ರ ಇನ್ನೂ ಮೈಲಿಯಲ್ಲೇ ಕೂಗುತ್ತಾನೆ.

ಸೌತ್ ಎಂಡ್ ಸರ್ಕಲ್ಲಿನಲ್ಲಿ ನಿಂತು ಇದನ್ನೇ ಯೋಚಿಸಿ. ಒಂದು ಕಾಲಕ್ಕೆ ಬೆಂಗಳೂರಿನ ದಕ್ಷಿಣ ತುದಿ ಅದು. ಇಲ್ಲಿಗೆ ಊರು ಮುಗಿಯಿತು, ಮುಂದೆ ಹೊಲ ಎಂದು ಯಾರೋ ಮಹಾನುಭಾವರು ತೀರ್ಪು ಕೊಟ್ಟು ಹೆಸರಿಟ್ಟರು. ಊರು ಆ ತೀರ್ಪನ್ನು ಕಾಲ ಕಸ ಮಾಡಿ ಜಯನಗರ, ಜೆ.ಪಿ. ನಗರ, ಬನ್ನೇರುಘಟ್ಟ ಎಂದು ಓಡಿಹೋಯಿತು. ದಕ್ಷಿಣ ಎಲ್ಲಿ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವಿದೆ, ತಾಲ್ಲೂಕಿದೆ. 2025ರಲ್ಲಿ ಬಿಬಿಎಂಪಿಯನ್ನು ಐದು ತುಂಡು ಮಾಡಿದಾಗ ಬೆಂಗಳೂರು ದಕ್ಷಿಣ ಎಂಬ ಪಾಲಿಕೆಯೂ ಬಂತು. ಅದೇ ವರ್ಷ ರಾಮನಗರ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ಚನ್ನಪಟ್ಟಣದ ಗೊಂಬೆ ಮಾಡುವವನು ರಾತ್ರಿ ಮಲಗಿದ್ದು ರಾಮನಗರ ಜಿಲ್ಲೆಯಲ್ಲಿ, ಎದ್ದಿದ್ದು ಬೆಂಗಳೂರಿನಲ್ಲಿ. ಟ್ರಾಫಿಕ್ಕಿನ ಕಾಟವಿಲ್ಲದೆ ಬೆಂಗಳೂರು ತಲುಪಿದ ಏಕೈಕ ಮನುಷ್ಯ ಅವನೇ ಇರಬೇಕು.

ಸತ್ತ ವಸ್ತುಗಳ ಕಥೆ ಇದಾಯಿತು. ಸತ್ತ ಮಹನೀಯರ ಕಥೆ ಇದಕ್ಕಿಂತ ದಾರುಣ. ನಮ್ಮಲ್ಲಿ ಯಾರನ್ನಾದರೂ ಶಾಶ್ವತವಾಗಿ ಮರೆಯಬೇಕೆಂದರೆ ಅದಕ್ಕೊಂದು ಖಚಿತ ವಿಧಾನವಿದೆ: ಅವರ ಹೆಸರನ್ನು ರಸ್ತೆಗೆ ಇಡಿ. ಆರು ತಿಂಗಳಲ್ಲಿ ಅವರು ಎರಡು ಅಕ್ಷರವಾಗುತ್ತಾರೆ. ಜಯಚಾಮರಾಜೇಂದ್ರ ಒಡೆಯರ್ ಮೈಸೂರಿನ ಕೊನೆಯ ಮಹಾರಾಜರು, ರಾಜ್ಯಪಾಲರಾಗಿದ್ದವರು, ಕೃತಿಗಳನ್ನು ರಚಿಸಿದ ಸಂಗೀತಗಾರರು. ಜೆ.ಸಿ. ರೋಡಿನಲ್ಲಿ ಯಾರನ್ನಾದರೂ ನಿಲ್ಲಿಸಿ ಜೆ.ಸಿ. ಅಂದರೆ ಏನು ಎಂದು ಕೇಳಿ. ಕಾರಿನ ಸೀಟ್ ಕವರ್ ಬೇಕಾ ಎಂದು ಮರುಪ್ರಶ್ನೆ ಬರುತ್ತದೆ. ಸಾದರ ಪತ್ರಪ್ಪನವರ ರಸ್ತೆ ಎಸ್.ಪಿ. ರೋಡ್ ಆಗಿ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಯ ಗತ್ತು ಪಡೆದಿದೆ, ಸಿಗುವುದು ಮಾತ್ರ ಕಂಪ್ಯೂಟರ್ ಕೇಬಲ್ಲು. ಅದರ ಪಕ್ಕದ ಎಸ್.ಜೆ.ಪಿ. ರೋಡನ್ನು ಯಾರೋ ಮಹಾರಾಜರ ಹೆಸರು ಎಂದು ಗೌರವದಿಂದ ನೋಡುವವರಿದ್ದಾರೆ; ಅದು ಸಿಲ್ವರ್ ಜ್ಯೂಬಿಲಿ ಪಾರ್ಕು. ಏಕೀಕರಣಕ್ಕೆ ದುಡಿದು ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಕೆ.ಎಚ್. ರೋಡ್ ಆದರು. ಅದೂ ಬಾಯಿಗೆ ಭಾರವಾಯಿತೆಂದು ಜನ ಡಬ್ಬಲ್ ರೋಡ್ ಎಂದೇ ಉಳಿಸಿಕೊಂಡರು. ಡಿ.ವಿ.ಜಿ.ಯವರಿಗೆ ಮಾತ್ರ ಅನ್ಯಾಯವಾಗಲಿಲ್ಲ. ಅವರು ಮೊದಲೇ ಇನಿಷಿಯಲ್ ಮಾಡಿಕೊಂಡಿದ್ದ ದೂರದೃಷ್ಟಿಯ ಮನುಷ್ಯ. ಅವರ ರಸ್ತೆಯಲ್ಲಿ ಹಬ್ಬದ ಮುಂಚೆ ನಡೆಯುವ ಸೀರೆ ಡಿಸ್ಕೌಂಟನ್ನು ನೋಡಿದ್ದರೆ ಮಂಕುತಿಮ್ಮನಿಗೆ ಇನ್ನೂ ನಾಲ್ಕು ಪದ್ಯ ಸಿಗುತ್ತಿತ್ತೇನೋ.

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುವುದು ಕೆಂಪೇಗೌಡರ ವಿಷಯದಲ್ಲಿ. ಊರು ಕಟ್ಟಿದ ಮನುಷ್ಯ. ನಾಲ್ಕು ದಿಕ್ಕಿನಲ್ಲಿ ಆ ಹೆಸರಿನ ಗೋಪುರ, ವಿಮಾನ ನಿಲ್ದಾಣಕ್ಕೆ ಆ ಹೆಸರು, ಅದರ ಮುಂದೆ 108 ಅಡಿಯ ಪ್ರತಿಮೆ. ಊರ ನಡುಮಧ್ಯೆ ಅವರ ಹೆಸರಿನ ರಸ್ತೆ ಮಾತ್ರ ಕೆ.ಜಿ. ರೋಡು. ಈರುಳ್ಳಿಯ ಜೊತೆ ತಕ್ಕಡಿಯಲ್ಲಿ ಕೂರಿಸಿಬಿಟ್ಟೆವು. ಗಾಂಧೀಜಿಗೂ ವಿನಾಯಿತಿ ಸಿಗಲಿಲ್ಲ. 1948ರಲ್ಲಿ ಸೌತ್ ಪೆರೇಡ್ ಎಂಬ ದಂಡಿನ ಹೆಸರು ತೆಗೆದು ಮಹಾತ್ಮ ಗಾಂಧಿ ರಸ್ತೆ ಮಾಡಿದರು. ಅದು ಎಂ.ಜಿ. ರೋಡ್ ಆಯಿತು. ಪಾನನಿರೋಧಕ್ಕೆ ಜೀವ ತೇದವರ ಹೆಸರು ಹೇಳಿ 'ಸಂಜೆ ಎಂ.ಜಿ. ರೋಡ್‌ಗೆ ಬರ್ತೀಯಾ' ಎಂದು ಗೆಳೆಯರು ಒಬ್ಬರನ್ನೊಬ್ಬರು ಕರೆಯುವುದು ಉಪವಾಸ ಕೂರಲಿಕ್ಕಂತೂ ಅಲ್ಲ. ಅದೇ ರಸ್ತೆಯಲ್ಲಿ ಅನಿಲ್ ಕುಂಬ್ಳೆ ಸರ್ಕಲ್ ಇದೆ. ಚೆಂಡನ್ನು ಅಷ್ಟೇನೂ ತಿರುಗಿಸದೆ 619 ಟೆಸ್ಟ್ ವಿಕೆಟ್ ತೆಗೆದ ಸ್ಪಿನ್ನರನ ಹೆಸರನ್ನು ವಾಹನಗಳು ತಿರುಗುವ ಜಾಗಕ್ಕೆ ಇಟ್ಟವರ ಹಾಸ್ಯಪ್ರಜ್ಞೆಗೆ ನಮಸ್ಕಾರ. ಸರ್ಕಲ್ ಎಂದ ಮೇಲೆ ದುಂಡಗಿರಬೇಕಲ್ಲ ಎಂದು ಹುಡುಕಬೇಡಿ. ಬೆಂಗಳೂರಿನಲ್ಲಿ ಸರ್ಕಲ್ ಎಂದರೆ ನಾಲ್ಕು ಕಡೆಯಿಂದ ಹಾರ್ನ್ ಕೇಳಿಸುವ ಸ್ಥಳ.

ಇನಿಷಿಯಲ್ಲುಗಳು ಒಂದೇ ಒಂದು ಕಡೆ ಉಪಕಾರ ಮಾಡಿವೆ. ಕೋರಮಂಗಲದಲ್ಲಿ ಎಸ್.ಟಿ. ಬೆಡ್ ಲೇಔಟ್ ಇದೆ. ನಿವೇಶನದ ಬೆಲೆ ಕೇಳಿದರೆ ತಲೆ ಸುತ್ತುತ್ತದೆ. ಎಸ್.ಟಿ. ಎಂದರೆ ಯಾವುದೋ ಸಂತ ಇರಬೇಕು, ಸೇಂಟ್ ಬೆಡ್ ಎಂದು ಹೊರಗಿನಿಂದ ಬಂದವರು ಭಕ್ತಿಯಿಂದ ಉಚ್ಚರಿಸುತ್ತಾರೆ. ಪೂರ್ತಿ ಬಿಡಿಸಿದರೆ ಅದು ಊರಿನ ಕೊಳಚೆ ನೀರನ್ನು ಹಾಯಿಸಿ ಶುದ್ಧ ಮಾಡುತ್ತಿದ್ದ ಪಾತಿ, ಸೀವೇಜ್ ಟ್ರೀಟ್‌ಮೆಂಟ್ ಬೆಡ್. ಬ್ರೋಕರು ಈ ಎರಡು ಅಕ್ಷರಗಳ ಮೇಲೆ ಇಟ್ಟಿರುವ ನಿಷ್ಠೆಯನ್ನು ಹೆಂಡತಿ ಮಕ್ಕಳ ಮೇಲೂ ಇಟ್ಟಿರಲಿಕ್ಕಿಲ್ಲ. ಮಳೆಗಾಲದಲ್ಲಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ನೆಲ ತಾನೇ ತನ್ನ ಪೂರ್ತಿ ಹೆಸರನ್ನು ಹೇಳುತ್ತದೆ. ಇನ್ನು ಎಚ್.ಬಿ.ಆರ್. ಲೇಔಟ್ ಒಂದು, ಎಚ್.ಆರ್.ಬಿ.ಆರ್. ಲೇಔಟ್ ಒಂದು. ಎರಡೂ ಹೆಣ್ಣೂರಿನಿಂದ ಹುಟ್ಟಿದ ಅಣ್ಣ ತಮ್ಮಂದಿರು. ಒಬ್ಬ 'ರೋಡ್' ಎಂಬುದನ್ನು ಎರಡು ಸಲ ಹೇಳಿಕೊಳ್ಳುತ್ತಾನೆ, ಇನ್ನೊಬ್ಬ ಒಂದೇ ಸಲ. ಅವರಿವರ ಮದುವೆಯ ಕರೆಯೋಲೆ ಒಬ್ಬರ ಬದಲು ಇನ್ನೊಬ್ಬರಿಗೆ ಹೋಗುತ್ತಿದ್ದರೆ ಅದಕ್ಕೆ ಅಂಚೆಯಣ್ಣನನ್ನು ದೂರಬೇಡಿ.

ಹೆಸರಿಡುವ ಸಮಾರಂಭವನ್ನೂ ಒಂದು ಸಲ ಹತ್ತಿರದಿಂದ ನೋಡಬೇಕು. ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಕರಿ ಗ್ರಾನೈಟಿನ ಫಲಕವಿದೆ. ಮೇಲ್ಗಡೆ 'ದಿವ್ಯ ಸಾನ್ನಿಧ್ಯ', ಅದರ ಕೆಳಗೆ ಒಬ್ಬ ಸ್ವಾಮೀಜಿ. 'ಘನ ಉಪಸ್ಥಿತಿ', ಅದರ ಕೆಳಗೆ ಮಂತ್ರಿ. 'ಅಧ್ಯಕ್ಷತೆ' ಶಾಸಕರದು. 'ನೇತೃತ್ವ' ವಾರ್ಡಿನ ಸದಸ್ಯರದು. ಅವರ ಹೆಸರಿನ ಮುಂದೆ ಜನಪ್ರಿಯ, ಹಿಂದೆ ಅಣ್ಣ. ಆಮೇಲೆ ಕಾರ್ಯಪಾಲಕ ಎಂಜಿನಿಯರು, ಸಹಾಯಕ ಎಂಜಿನಿಯರು, ಗುತ್ತಿಗೆದಾರರು. ಇಷ್ಟಾದ ಮೇಲೆ ಜಾಗ ಉಳಿದಿದ್ದರಿಂದ ರಸ್ತೆಯ ಹೆಸರನ್ನೂ ಕೆತ್ತಿದ್ದಾರೆ. ಅದೊಬ್ಬ ಸ್ವಾತಂತ್ರ್ಯ ಹೋರಾಟಗಾರರದು. 'ಹೋರಾಟಗಾರ'ದ ಹೋ ಗಿಡ್ಡವಾಗಿ ಹೊ ಆಗಿದೆ. ಗುತ್ತಿಗೆದಾರರ ಹೆಸರಿನಲ್ಲಿ ಒಂದು ಒತ್ತಕ್ಷರವೂ ತಪ್ಪಿಲ್ಲ; ಇನಿಷಿಯಲ್ಲಿನ ಚುಕ್ಕಿಗಳು ಕೂಡ ಸಮವಾಗಿವೆ. ಫಲಕಕ್ಕೆ ಬಂಗಾರದ ಬಣ್ಣ ತುಂಬಿದ್ದಾರೆ, ರಸ್ತೆಗೆ ಡಾಂಬರು ತುಂಬುವುದು ಬೇರೆ ಟೆಂಡರ್. ಹೋರಾಟಗಾರರು ಬ್ರಿಟಿಷರ ಲಾಠಿ ತಿಂದು ಜೈಲಿಗೆ ಹೋಗಿದ್ದವರು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಅವರ ಹೆಸರಿನ ಮೇಲೆ ಈಗ ಎರಡು ಚೀಟಿ ಅಂಟಿವೆ. ಒಂದು 'ಹೆಂಗಸರ ಪಿಜಿ, ಮೂರು ಹೊತ್ತು ಊಟ, ವೈಫೈ'. ಇನ್ನೊಂದು ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ. ರಸ್ತೆಯ ಹೆಸರೇನು ಎಂದು ಅಂಗಡಿಯವನನ್ನು ಕೇಳಿದರೆ 'ಪಿಜಿ ರೋಡು' ಎನ್ನುತ್ತಾನೆ.

ಹೆಸರುಗಳ ಜಗಳವೇ ಬೇಡ, ಸಂಖ್ಯೆ ಕೊಡೋಣ ಎಂದು ಬಡಾವಣೆ ಮಾಡಿದ ಎಂಜಿನಿಯರುಗಳು ಒಂದು ಕಾಲಕ್ಕೆ ನಿರ್ಧರಿಸಿದ್ದು ಈ ಎಲ್ಲದರ ಭಯದಿಂದಲೇ ಇರಬೇಕು. ಸಂಖ್ಯೆಗೆ ಜಾತಿಯಿಲ್ಲ, ಪಕ್ಷವಿಲ್ಲ, ಅಭಿಮಾನಿ ಸಂಘವಿಲ್ಲ. ಮೇನ್ ಒಂದು ಕಡೆ, ಕ್ರಾಸ್ ಇನ್ನೊಂದು ಕಡೆ, ಅದರ ಮೇಲೆ ಬ್ಲಾಕು, ಬ್ಲಾಕಿನ ಮೇಲೆ ಫೇಸು, ಫೇಸಿನ ಮೇಲೆ ಸ್ಟೇಜು. ಕಾಗದದ ಮೇಲೆ ಇದಕ್ಕಿಂತ ತರ್ಕಬದ್ಧವಾದದ್ದು ಇನ್ನೊಂದಿಲ್ಲ. ಆಮೇಲೆ ಎರಡು ಕ್ರಾಸಿನ ನಡುವೆ ಒಂದು ರಸ್ತೆ ಹುಟ್ಟಿತು, ಅದಕ್ಕೆ 'ಎ' ಎಂದರು. ಎ ಪಕ್ಕದಲ್ಲಿ ಬಿ. ಒಂದು ಕ್ರಾಸು ಪಾರ್ಕಿಗೆ ಹೋಗಿ ಡಿಕ್ಕಿ ಹೊಡೆದು ಅಲ್ಲೇ ಪ್ರಾಣ ಬಿಟ್ಟಿತು. ಅದರ ಸಂಖ್ಯೆ ಪಾರ್ಕಿನ ಆಚೆ ಇನ್ನೊಂದು ಜನ್ಮ ತಾಳಿತು. ಊಟ ತಂದ ಹುಡುಗ ಫೋನ್ ಮಾಡುತ್ತಾನೆ. ವಿಜಯಪುರದ ಕಡೆಯವನು.

"ಸರ, ನಾ ನಿಮ್ ಕ್ರಾಸಿಗೇ ಬಂದೀನ್ರಿ. ಮನಿ ಕಾಣವಲ್ದು."

"ಯಾವ ಕ್ರಾಸಲ್ಲಿದೀಯಪ್ಪಾ?"

"ಹನ್ನೆರಡ್ನೇ ಕ್ರಾಸ್ ರೀ."

"ಹನ್ನೆರಡು ಎ ನಾ?"

"ಇಲ್ರೀ, ಬರೇ ಹನ್ನೆರಡು."

"ಬರೀ ಹನ್ನೆರಡು ಮೋರಿ ಆಚೆ. ನಮ್ಮದು ಎ. ಹನ್ನೊಂದು ಆದ್ಮೇಲೆ ಬರುತ್ತೆ ನೋಡು."

"ಹನ್ನೊಂದ್ರ ಮುಂದ ಹದಿನಾಲ್ಕು ಐತಲ್ರೀ ಸರ."

"ಸರಿ, ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಕಾಣುತ್ತಾ?"

"ಹೂಂ ರೀ, ಕಾಣ್ತದ."

"ಪಕ್ಕದಲ್ಲಿ ಇಸ್ತ್ರಿ ಗಾಡಿ?"

"ಐತ್ರಿ."

"ಆ ಇಸ್ತ್ರಿಯವರಿಗೆ ಫೋನ್ ಕೊಡು."

ಬಾಹ್ಯಾಕಾಶದಲ್ಲಿ ಅಷ್ಟೊಂದು ಉಪಗ್ರಹಗಳು ತಿರುಗುತ್ತಿದ್ದರೂ ಬೆಂಗಳೂರಿನ ಮಧ್ಯಾಹ್ನದ ಊಟ ಕೊನೆಯ ಇನ್ನೂರು ಮೀಟರ್ ದಾಟುವುದು ಇಸ್ತ್ರಿಯವರ ಕೃಪೆಯಿಂದ. ಅವರ ಹೆಸರನ್ನು ಯಾವ ರಸ್ತೆಗೂ ಇಟ್ಟಿಲ್ಲ. ಇಡದಿರುವುದೇ ಒಳ್ಳೆಯದು, ಇನಿಷಿಯಲ್ ಆಗಿಹೋಗುತ್ತಾರೆ.

ಸಂಖ್ಯೆಯೂ ಸಾಲದಾದಾಗ ಅಳತೆಯನ್ನೇ ಹೆಸರು ಮಾಡಿದೆವು. ನೂರಡಿ ರಸ್ತೆ, ಎಂಬತ್ತಡಿ ರಸ್ತೆ, ಅರವತ್ತಡಿ ರಸ್ತೆ. ಅಂದ, ಗುಣ, ಇತಿಹಾಸ ಯಾವುದೂ ಇಲ್ಲದ ವಧುವಿನ ಬಗ್ಗೆ ಮಧ್ಯಸ್ಥಗಾರ ಎತ್ತರ ಮಾತ್ರ ಹೇಳಿದ ಹಾಗೆ. ಇಂದಿರಾನಗರದ ನೂರಡಿಯಲ್ಲಿ ಎರಡೂ ಬದಿ ನಿಲ್ಲಿಸಿದ ಕಾರು, ವ್ಯಾಲೆಗೆ ಕಾದ ಕಾರು, ಅಗೆದು ಬಿಟ್ಟ ಗುಂಡಿ, ಗುಂಡಿಯ ಮಣ್ಣು ಇಷ್ಟನ್ನು ಕಳೆದರೆ ಉಳಿಯುವುದಕ್ಕೆ ಇಡಬೇಕಾದ ಹೆಸರನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ರಾಜಾಜಿನಗರದವರು ಇನ್ನೂ ಬುದ್ಧಿವಂತರು, ರೇಖಾಗಣಿತಕ್ಕೆ ಹೋದರು. ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ ಎಂದು ಕಾರ್ಡ್ ರೋಡ್. ಅದರ ಪಡುವಣಕ್ಕಿರುವ ಬಡಾವಣೆಯ ಹೆಸರು ವೆಸ್ಟ್ ಆಫ್ ಕಾರ್ಡ್ ರೋಡ್. ಹೆಸರು ಕೇಳಿದರೆ ಹೆಸರು ಹೇಳದೆ ದಿಕ್ಕು ತೋರಿಸುವ ಏಕೈಕ ಬಡಾವಣೆ.

ಜನ ಇದನ್ನೆಲ್ಲ ನೋಡಿ ತಮ್ಮ ಪಾಡಿಗೆ ತಾವು ಹೆಸರಿಡಲು ಶುರು ಮಾಡಿದ್ದು ತಪ್ಪೇನಲ್ಲ. ಅವರ ಹೆಸರುಗಳಿಗೆ ಗ್ರಾನೈಟು ಬೇಡ, ನಿರ್ಣಯ ಬೇಡ, ಆಕ್ಷೇಪಣೆಗೆ ಅವಧಿ ಬೇಡ. ಕಣ್ಣಿಗೆ ಕಂಡದ್ದು ಹೆಸರು. ಪದ್ಮನಾಭನಗರದ ಬಳಿ ರಿಂಗ್ ರಸ್ತೆಯ ಜಂಕ್ಷನ್ನಿಗೆ ದೇವೇಗೌಡ ಪೆಟ್ರೋಲ್ ಬಂಕ್ ಎಂದು ಹೆಸರು. ಮಾಜಿ ಪ್ರಧಾನಿಗಳ ಹೆಸರಿನಲ್ಲಿ ದೆಹಲಿಯಲ್ಲಿ ಘಾಟುಗಳಿವೆ, ಮಾರ್ಗಗಳಿವೆ; ಪೆಟ್ರೋಲ್ ಬಂಕಿನಿಂದ ಜಂಕ್ಷನ್ನಿಗೆ ಬಂದ ಹೆಸರು ನಮ್ಮಲ್ಲೇ ಇರಬೇಕು, ಮತ್ತು ಅದನ್ನು ಯಾವ ಸರ್ಕಾರ ಬಂದರೂ ಬದಲಿಸಲಾರದು. ಕೆ.ಆರ್. ಪುರದ ಕಡೆ ಟಿನ್ ಫ್ಯಾಕ್ಟರಿ. ವೈಟ್‌ಫೀಲ್ಡ್ ದಾರಿಯಲ್ಲಿ ಗ್ರಾಫೈಟ್ ಇಂಡಿಯಾ. ಕಾರ್ಖಾನೆ 2019ರಲ್ಲಿ ಮುಚ್ಚಿತು, ಸಿಗ್ನಲ್ ಮಾತ್ರ ಪಾಳಿ ತಪ್ಪಿಸದೆ ಕೆಲಸ ಮಾಡುತ್ತಿದೆ. ಬಸವನಗುಡಿಯಲ್ಲಿ ಟಾಟಾ ಸಿಲ್ಕ್ ಫಾರಂ. ರೇಷ್ಮೆ ಹುಳುವಿನ ಸುಳಿವಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಬಗ್ಗೆ ಹೇಳುವುದು ಏನೂ ಉಳಿದಿಲ್ಲ. ಕೇಂದ್ರ ರೇಷ್ಮೆ ಮಂಡಳಿ ಎಂಬ ಸಂಸ್ಥೆ ಅಷ್ಟು ವರ್ಷ ಸದ್ದಿಲ್ಲದೆ ಮಾಡಿದ ಕೆಲಸಕ್ಕೆ ಸಿಗದ ಕೀರ್ತಿ ಅದರ ಗೇಟಿನ ಮುಂದೆ ನಿಂತ ವಾಹನಗಳಿಂದ ಸಿಕ್ಕಿತು. ನುಣುಪಾಗಿ ಜಾರುವ ವಸ್ತುವಿನ ಹೆಸರು, ಏನೂ ಜಾರದ ಜಾಗಕ್ಕೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವೈಟ್‌ಫೀಲ್ಡಿನ ಹೋಪ್ ಫಾರಂ ಜಂಕ್ಷನ್. ಸಂಜೆ ಆರೂವರೆಗೆ ಐಟಿ ಕಂಪನಿಯ ಬಸ್ಸಿನಲ್ಲಿ ಕೂತು, ಮುಂದಿನ ನಿಲ್ದಾಣ ಹೋಪ್ ಎಂದು ನಲವತ್ತು ನಿಮಿಷ ಓದುತ್ತಾ ಇರುವುದಕ್ಕೆ ಎಂಟೆದೆ ಬೇಕು.

ನಗರದ ರಸ್ತೆಗಳಿಗೆ ಹೆಸರು ಹೆಚ್ಚಾಗಿ ತೊಂದರೆಯಾದರೆ ಹೆದ್ದಾರಿಗಳಿಗೆ ಹೆಸರಿಲ್ಲದೆ ತೊಂದರೆ. ಅವಕ್ಕೆ ಅಂಕಿ. ಅಂಕಿಯಾದರೂ ನೆಟ್ಟಗಿರುತ್ತದೆ ಎಂದುಕೊಂಡಿರಾ? 2010ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಿತು. ಅಲ್ಲಿಯವರೆಗೆ ಹುಬ್ಬಳ್ಳಿ, ದಾವಣಗೆರೆಯವರಿಗೆ ಮನೆಮಾತಾಗಿದ್ದ ಎನ್‌ಎಚ್ 4 ಹೋಗಿ 48 ಆಯಿತು. ಸರಿ, ಬಾಯಿಪಾಠ ಮಾಡಿಕೊಳ್ಳೋಣ ಎಂದರೆ, 48 ಎಂಬ ಸಂಖ್ಯೆ ಅಷ್ಟರಲ್ಲಾಗಲೇ ಮಂಗಳೂರು ದಾರಿಯದ್ದಾಗಿತ್ತು: ನೆಲಮಂಗಲ, ಹಾಸನ, ಶಿರಾಡಿ ಘಾಟಿ. ಅದಕ್ಕೆ 75 ಕೊಟ್ಟರು. ಹಳೆಯ ಮನುಷ್ಯನೊಬ್ಬ ನಲವತ್ತೆಂಟು ಹಿಡಿದು ಹೊರಟರೆ ಮೀನೂಟದ ಬದಲು ಧಾರವಾಡ ಫೇಡೆ ಸಿಗುತ್ತದೆ. ಎನ್‌ಎಚ್ 17 ಕರಾವಳಿಯಲ್ಲಿ 66 ಆಯಿತು. ಎನ್‌ಎಚ್ 7 ಬಳ್ಳಾರಿ ರಸ್ತೆಯಲ್ಲಿ 44 ಆಯಿತು. ಲಾರಿ ಡ್ರೈವರುಗಳಿಗೆ ಇದು ಗೊತ್ತಾಗಿದೆಯೋ ಇಲ್ಲವೋ, ಡಾಬಾಗಳಿಗಂತೂ ಗೊತ್ತಾಗಿಲ್ಲ. ಹೊಸ ಬೋರ್ಡಿನ ಪಕ್ಕದಲ್ಲೇ 'ಎನ್‌ಎಚ್ 4 ಫ್ಯಾಮಿಲಿ ಡಾಬಾ' ದೀಪ ಹಾಕಿಕೊಂಡು ಕೂತಿರುತ್ತದೆ.

ಮೈಸೂರು ಹೆದ್ದಾರಿಗೆ ಜನ ಇಟ್ಟ ಹೆಸರು ದಶಪಥ. ಹತ್ತು ಪಥ! ಕೇಳಲಿಕ್ಕೇ ಪುರಾಣದ ಹಾಗಿದೆ, ರಾವಣನಿಗೆ ತಲೆಗೊಂದು ಲೇನು. ನಡುವಿನ ಮುಖ್ಯ ರಸ್ತೆಯಲ್ಲಿ ಎಣಿಸಿದರೆ ಆರು. ಉಳಿದ ನಾಲ್ಕು ಪಕ್ಕದ ಸರ್ವಿಸ್ ರಸ್ತೆಯವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಅದನ್ನು ಯಾರು ಮಾಡಿಸಿದ್ದು, ಯಾರ ಹೆಸರಿಡಬೇಕು ಎಂದು ಮಹಾರಾಜರಿಂದ ಕಾವೇರಿಯವರೆಗೆ ಚರ್ಚೆಯಾಯಿತು. ಆಗಸ್ಟಿನಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಕೆಳಗಿಳಿಸಿದರು. ಮಂಡ್ಯದ ರೈತನ ಪಾಲಿಗೆ ಹೀಗೆ ಹತ್ತರಲ್ಲಿ ಆರು ಹೋಯಿತು. ಅವನು ಕಬ್ಬಿನ ಗಾಡಿ ಹೊಡೆಯುವುದು ಈಗ ಚತುಷ್ಪಥದಲ್ಲಿ, ಅದರಲ್ಲೂ ಹೋಗುವುದಕ್ಕೆ ಎರಡು, ಬರುವುದಕ್ಕೆ ಎರಡು.

ಆ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಮೈಸೂರಿನಲ್ಲಿ, 2024ರ ಕೊನೆಗೆ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಎಂದು ಹೆಸರಿಡುವ ಪ್ರಸ್ತಾವ ಬಂತು. ಆಗ ಕುರ್ಚಿಯಲ್ಲಿದ್ದ ಮುಖ್ಯಮಂತ್ರಿಯ ಹೆಸರು. ಅದು ಪ್ರಿನ್ಸೆಸ್ ರಸ್ತೆ ಎಂದು ಒಂದು ಗುಂಪು ದಾಖಲೆ ಹಿಡಿದು ಬಂತು. ಅಂಥ ಹೆಸರೇ ಇಲ್ಲ ಎಂದು ಇನ್ನೊಂದು ಗುಂಪು. ಎರಡೂ ಗುಂಪಿನ ಗದ್ದಲದಲ್ಲಿ ಆ ಪ್ರಿನ್ಸೆಸ್ ಯಾರು ಎಂದು ಕೇಳುವವರು ಕಡಿಮೆಯಾದರು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆಕೆ. ಅವರ ನೆನಪಿಗೆ ಅದೇ ರಸ್ತೆಯಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿಸಿದರು. ಮೈಸೂರಿಗರು ಅದನ್ನು ಪಿ.ಕೆ.ಟಿ.ಬಿ. ಎನ್ನುತ್ತಾರೆ. ಕೊಂದ ರೋಗದ ಪಕ್ಕದಲ್ಲೇ ರಾಜಕುಮಾರಿಯನ್ನು ಎರಡಕ್ಷರ ಮಾಡಿ ನಿಲ್ಲಿಸಿದ್ದೇವೆ. ಆಗ ನಡೆದದ್ದು ರಸ್ತೆಯಿಂದಲೂ ಎಬ್ಬಿಸಬೇಕೋ ಬೇಡವೋ ಎಂಬ ಚರ್ಚೆಯಷ್ಟೇ.

ಬದುಕಿರುವವರ ಹೆಸರಿಡುವುದರಲ್ಲಿ ಒಂದು ಅನುಕೂಲವಂತೂ ಇದೆ. ರಸ್ತೆ ಗುಂಡಿಬಿದ್ದರೆ ಯಾರ ಹೆಸರು ಹೇಳಿ ಬೈಯಬೇಕು ಎಂದು ಬೋರ್ಡೇ ತಿಳಿಸುತ್ತದೆ. ಸತ್ತವರಿಗೆ ಆ ಅನ್ಯಾಯ ಆಗಬಾರದು. ರಸ್ತೆಗೆ ಹೆಸರಿಡುವ ಮುಂಚೆ ಆ ಮಹನೀಯರ ಪೂರ್ತಿ ಹೆಸರನ್ನು ಒಂದು ಬಿಎಂಟಿಸಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ, ಒಂದೇ ಉಸಿರಿನಲ್ಲಿ, ಮೂರು ಸಲ ಕೂಗಿ ಹೇಳಲು ಕಂಡಕ್ಟರಿಗೆ ಸಾಧ್ಯವೇ ಎಂದು ಪರೀಕ್ಷೆ ಮಾಡಬೇಕು ಎಂಬುದು ನನ್ನ ಬಹುಕಾಲದ ಸಲಹೆ. ಈ ಪರೀಕ್ಷೆಯಲ್ಲಿ ಪಾಸಾಗುವವರು ಕಬ್ಬನ್ ಥರದವರು ಮಾತ್ರ. ಅವರ ಹೆಸರಿನ ಉದ್ಯಾನಕ್ಕೆ 1927ರಲ್ಲೇ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಸುಮಾರು ನೂರು ವರ್ಷವಾಯಿತು, ಪ್ರೇಮಿಗಳು ಇನ್ನೂ ಕಬ್ಬನ್ ಪಾರ್ಕಿನಲ್ಲೇ ಭೇಟಿಯಾಗುತ್ತಾರೆ. ದೊರೆ ಜನರಲ್ ಆಗಿದ್ದ ಎಂಬ ಭಕ್ತಿಯಿಂದಲ್ಲ. ಕಬ್ಬನ್ ಎರಡೂವರೆ ಅಕ್ಷರ.

ನಮ್ಮ ಜನರಲ್‌ಗಳ ಗತಿ ನೋಡಬೇಕೆಂದರೆ ಶಿವಾಜಿನಗರದಲ್ಲಿ ಒಂದು ಆಟೋ ನಿಲ್ಲಿಸಿ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ, ಕೊಡಗಿನ ಕಲಿ, ಶಿಸ್ತಿಗೆ ಇನ್ನೊಂದು ಹೆಸರು.

"ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಗೆ ಬರ್ತೀರಾ?"

"ಅದೆಲ್ಲಿ ಬರುತ್ತೆ ಸಾರ್? ಯಲಹಂಕ ಕಡೆನಾ?"

"ಇಲ್ಲೇ. ರೆಸಿಡೆನ್ಸಿ ರೋಡ್."

"ಹಂಗನ್ನಿ ಮತ್ತೆ! ಸುಮ್ನೆ ಅಷ್ಟುದ್ದ ಹೇಳಿ ಹೆದರಿಸ್ತೀರಲ್ಲ. ಒನ್‌ವೇ ಸಾರ್, ಸುತ್ತಾಕ್ಕೊಂಡು ಹೋಗ್ಬೇಕು. ಮೀಟರ್ ಮೇಲೆ ಐವತ್ತು ಕೊಡಿ."